ನಂದೇ ಐಡಿಯಾ

ಸಿನಿಮಾವೊಂದನ್ನು ಮೊಬೈಲ್ ಗೇಮ್ ಮಾಡಿಕೊಡಿ ಎಂದು ಅದರ ಹಕ್ಕಿದ್ದವರೇ ಕೇಳಿದರೂ ನಾನು ಒಪ್ಪಲಿಲ್ಲ. ಕಂಡವರ ಹೀರೋನ ಹೊತ್ತು ಮೆರೆಸಿ ಸಾಕಾಗಿತ್ತು. ಮದ್ದೂರಿನ ರೂಮಿನಲ್ಲಿ ಕೂತು ಸ್ವಂತದ್ದೊಂದು ಗೇಮ್ ಕಟ್ಟಿದೆ: ಸರದಿ ಮೇಲೆ ಗದ್ದೆಗೆ ನಾಲೆ ನೀರು ಹಾಯಿಸಬೇಕು, ನೀರು ಕದಿಯುವ ಪಕ್ಕದ ಗದ್ದೆಯವನನ್ನು ಹಿಡಿಯಬೇಕು.

ನಮ್ಮೂರು ಕೆರಗೋಡಿಗೆ ಹೋಗಿ ಅಪ್ಪನ ಕೈಗೆ ಫೋನು ಕೊಟ್ಟೆ. ಅಪ್ಪ ನಗುನಗುತ್ತಾ ಆಡಿದ. ಆಟದ ಕಳ್ಳ ಬದುವಿಗೆ ತೂತು ಹೊಡೆದು, ಮೇಲೆ ಹುಲ್ಲು ಮುಚ್ಚಿದ. ಅಪ್ಪನ ಬೆರಳು ನಿಂತುಬಿಟ್ಟಿತು.

“ಹುಲ್ಲು ಮುಚ್ಚೋದ್ನ ಯಾರ್ಲಾ ಏಳ್ದೋರು ನಿಂಗೆ?”

“ಯಾರೂ ಇಲ್ಲ ಕಣಪ್ಪ, ನಂದೇ ಐಡಿಯಾ.”

ಅಪ್ಪನ ಮುಖ ಬಿಳಿಚಿಕೊಂಡಿತು. “ಪಕ್ಕದ್ಮನೆಯೋರ್ಗೆ ತೋರುಸ್ಬ್ಯಾಡ ಕಣ್ಲಾ” ಎಂದು ಪಿಸುಗುಟ್ಟಿದ.

ಅವರ ಗದ್ದೆ ನಮ್ಮದಕ್ಕೆ ಅಂಟಿಕೊಂಡೇ ಇದೆ. ಬರುವಾಗಲೇ ಅವರ ಫೋನಿಗೂ ಆಟ ಹಾಕಿಕೊಟ್ಟು ಬಂದಿದ್ದೆ. ಗೋಡೆಯಾಚೆ ಅಷ್ಟೊತ್ತೂ ಕೇಳುತ್ತಿದ್ದ ಆಟದ ಸದ್ದು ತಟ್ಟನೆ ನಿಂತಿತು.