ಬಂದ ಹಾಗೆಯೇ ಒಂದು ರೀಡು

ನನ್ನ ಮಾವನವರು ಹುಬ್ಬಳ್ಳಿಯಲ್ಲಿ ಹಾರ್ಮೋನಿಯಂ ಕಟ್ಟಿ ಮಾರುತ್ತಿದ್ದರು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಕಟ್ಟಿಗೆ, ತೊಗಲು, ಮೊಳೆ ಎಲ್ಲ ಇಲ್ಲಿಯದೇ. ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡು ಮಾತ್ರ ಜರ್ಮನಿಯಿಂದ ಬರಬೇಕು. ಅಲ್ಲಿಂದ ಬರುವುದು ಹಸಿ ರೀಡು. ಊದಿದರೆ ಒಡಕು ದನಿ ಅಷ್ಟೆ. ಒಂದೊಂದನ್ನೂ ಸಣ್ಣ ಅರದಿಂದ ಕೆರೆದು, ತುಟಿಗಿಟ್ಟು ಊದಿ, ಮತ್ತೆ ಕೆರೆದು ಸ್ವರಕ್ಕೆ ತರುವುದು ಮಾವನವರ ಕೆಲಸ. ಧಾರವಾಡದ ಹಾಡುಗಾರರು ರೈಲು ಹತ್ತಿ ಬಂದು ಅವರ ಪೇಟಿಯನ್ನೇ ಒಯ್ಯುತ್ತಿದ್ದರು. ಹಾಗಂತ ನಾವೇನು ಸಾಹುಕಾರರಲ್ಲ. ಒಂದೇ ಖೋಲಿಯ ಅಂಗಡಿ, ಹಿಂದೆ ಮನೆ.

ನಾನು ಧಾರವಾಡದವಳು, ಮ್ಯಾಟ್ರಿಕ್‌ವರೆಗೆ ಓದಿದವಳು. ಇಂಗ್ಲಿಷ್ ಕಲಿತ ಸೊಸೆ ಯಾಕೆ ಬೇಕಿತ್ತು ಎಂದು ಮದುವೆಯಲ್ಲಿ ಮೂಗು ಮುರಿದವರು ಬಹಳ ಮಂದಿ. ಬಂದ ಆರು ತಿಂಗಳಲ್ಲಿ ಜರ್ಮನಿಗೆ, ಮುಂಬಯಿಗೆ ಹೋಗುವ ಕಾಗದಗಳೆಲ್ಲ ನನ್ನ ಕೈಗೇ ಬಂದವು. ಮುರಿದ ಮೂಗುಗಳು ತಾವಾಗಿಯೇ ನೆಟ್ಟಗಾದವು.

ಒಂದು ವರ್ಷ ಮುಂಬಯಿಯ ಸುಂಕದ ಕಚೇರಿಯವರು ನಮ್ಮ ರೀಡಿನ ಪೆಟ್ಟಿಗೆಯನ್ನು ತಡೆದಿಟ್ಟರು. ಅರೆತಯಾರಿ ಹಿತ್ತಾಳೆ ಸಾಮಾನಾದರೆ ಒಂದು ದರ, ಬಾರಿಸಲು ಸಿದ್ಧವಾದ ವಾದ್ಯದ ಭಾಗವಾದರೆ ಅದರ ಎರಡರಷ್ಟು. ನಮ್ಮದು ಯಾವುದು ಎಂದು ತಿಳಿಯಲು, ಮೊಹರು ಹಾಕಿದ ಪೆಟ್ಟಿಗೆಯನ್ನು ಒಡೆಯುವ ಬದಲು, ಹಿಂದಿನ ಪೆಟ್ಟಿಗೆಯ ರೀಡೊಂದನ್ನು, ಬಂದ ಹಾಗೆಯೇ, ನಮೂನೆಗೆ ಕಳಿಸಿರಿ ಎಂದು ಬರೆದಿದ್ದರು. ಎರಡರಷ್ಟು ಕೊಡುವ ತಾಕತ್ತು ನಮಗಿರಲಿಲ್ಲ. ಬಿಡಿಸಿಕೊಳ್ಳದಿದ್ದರೆ ಪೆಟ್ಟಿಗೆ ಹರಾಜಿಗೆ ಹೋಗುತ್ತದೆ. ರೀಡಿಲ್ಲದೆ ಅಂಗಡಿ ಬಂದ್. ಅರವತ್ತರ ಹತ್ತಿರದ ಮಾವನವರು ತಮ್ಮ ಅಳಿಯನ ಅರಿವೆ ಅಂಗಡಿಯಲ್ಲಿ ಗಜ ಹಿಡಿದು ನಿಲ್ಲಬೇಕು. ಅದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಹಸಿ ರೀಡು ಒಂದೇ ಒಂದು ಉಳಿದಿತ್ತು. ಇದಿನ್ನೂ ಸ್ವರ ಹಿಡಿಯದ ಹಿತ್ತಾಳೆ ತುಂಡು, ಕೈಕೆಲಸ ಬೇಕಾದಷ್ಟು ಬಾಕಿ ಇದೆ ಎಂದು ನಾನು ಚೆಂದಾಗಿ ಇಂಗ್ಲಿಷಿನಲ್ಲಿ ಬರೆದೆ. ರೀಡನ್ನು ಕಟ್ಟಿ ಅಂಚೆಗೆ ಹಾಕಿರಿ ಎಂದು ಕಾಗದವನ್ನು ಮಾವನವರ ಕೈಗೆ ಕೊಟ್ಟೆ.

ಸುಂಕದ ಸಾಹೇಬರ ಉತ್ತರ ಬಂತು: ನೀವು ಕಳಿಸಿದ್ದನ್ನು ಊದಿ ನೋಡಿದೆವು, ಸ್ವರ ಸ್ವಚ್ಛವಾಗಿದೆ, ಎರಡರಷ್ಟು ಸುಂಕ ಕಟ್ಟಿರಿ. ತಕರಾರಿದ್ದರೆ ಹದಿನೈದು ದಿನದೊಳಗೆ ಇನ್ನೊಂದು ನಮೂನೆ ಕಳಿಸಿರಿ.

ಓದಿ ನನಗೆ ಮೈಯೆಲ್ಲ ಉರಿಯಿತು.

"ಮಾವಾರ, ಅದನ್ನ ಕೆರದ್ರೇನ್ರಿ?"

"ಮತ್ತ? ಬೇಸೂರ ರೀಡು ನನ್ನ ಅಂಗಡಿ ಹೆಸರ ಹೊತ್ತು ಮುಂಬೈಗೆ ಹೋಗಬೇಕೇನವಾ? ಷಡ್ಜಕ್ಕ ತಂದು ಕಳಿಸೇನಿ."

ಹೆಮ್ಮೆಯಿಂದಲೇ ಹೇಳಿದರು. ನಾನು ನಗಲೋ, ಹಣೆ ಹಣೆ ಬಡಿದುಕೊಳ್ಳಲೋ? ಕಾಗದದಲ್ಲಿದ್ದುದನ್ನು ಬಿಡಿಸಿ ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು.

"ಹಂಗಾದ್ರ ಖರೇದ್ದ ಬರದಬಿಡು," ಎಂದರು. "ಮುದುಕ ಚಟಕ್ಕ ಕೆರದಾನ, ಪೆಟಗಿ ಒಡದು ಒಳಗಿನವು ನೀವ ಊದಿ ನೋಡ್ರಿ ಅಂತ ಬರಿ."

ಹೂಂ ಎಂದೆ. ಆದರೆ ಬರೆಯಲು ಕುಳಿತಾಗ ಧೈರ್ಯ ಸಾಲಲಿಲ್ಲ. ಕಿವಿಯಾರೆ ಸ್ವರ ಕೇಳಿದ ಸಾಹೇಬ ಇದನ್ನು ನಂಬುತ್ತಾನೆಯೇ? ನೆಪ ಹೇಳುತ್ತಾರೆಂದು ಕಾಗದವನ್ನು ಬದಿಗಿಟ್ಟರೆ ಹದಿನೈದು ದಿನ ಮುಗಿದೇ ಹೋಗುತ್ತದೆ. ಮಾವನವರು ಊಟಕ್ಕೆ ಎದ್ದಾಗ, ಅವರು ಸ್ವರಕ್ಕೆ ತಂದಿಟ್ಟಿದ್ದ ರೀಡೊಂದನ್ನು ಎತ್ತಿಕೊಂಡು ಅವರದೇ ಅರದಿಂದ ನಾಲ್ಕು ಸಲ ಉಜ್ಜಿದೆ. ಊದಿದರೆ ಕತ್ತೆಯ ಹಾಗೆ ಒದರಿತು. ಮೊದಲಿನದು ಕೈತಪ್ಪಿನಿಂದ ಬಂದದ್ದು, ಜರ್ಮನಿಯಿಂದ ಬಂದ ಹಾಗೆಯೇ ಇರುವುದು ಇದು ಎಂದು ಬರೆದೆ. ಮಾವನವರಿಗೆ ಇಂಗ್ಲಿಷ್ ಬಾರದು; ನಾನು ಬೆರಳಿಟ್ಟ ಕಡೆ ಕನ್ನಡದಲ್ಲಿ ಸಹಿ ಹಾಕಿದರು.

ತಿಂಗಳೊಳಗೆ ಕಡಿಮೆ ದರದಲ್ಲೇ ಪೆಟ್ಟಿಗೆ ಬಿಡುಗಡೆಯಾಗಿ ಬಂತು. ಸ್ಟೇಷನ್ನಿನಿಂದ ಟಾಂಗಾದಲ್ಲಿ ತಂದೆವು. ನಾನು ಶಿರಾ ಮಾಡಿದೆ. ಎರಡೂ ನಮೂನೆಗಳಿಗೆ ಚೀಟಿ ಕಟ್ಟಿ ಪೆಟ್ಟಿಗೆಯೊಳಗೇ ಇಟ್ಟು ಕಳಿಸಿದ್ದರು, ಹಾಗೆ ಮಾಡಿಯಾರೆಂದು ನಾನು ಅಂದುಕೊಂಡಿರಲಿಲ್ಲ. ಮಾವನವರು ಎರಡನೆಯದನ್ನು ತುಟಿಗಿಟ್ಟು ಊದಿದರು, ಬೆಳಕಿಗೆ ಹಿಡಿದರು, ಮತ್ತೊಮ್ಮೆ ಊದಿದರು.

"ಇದು ನಾ ಸ್ವರಕ್ಕ ತಂದದ್ದು. ಮ್ಯಾಲ ಯಾರೋ ಅರಾ ಆಡಿಸ್ಯಾರ."

"ನಾನ ರೀ," ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚಲೋ ಇತ್ತು. ಶಿರಾ ತಿಂದರು, ಚಲೋ ಆಗೇದ ಎಂದರು, ಕೆಲಸಕ್ಕೆ ಕುಳಿತರು. ಅಂಗಡಿಯಂತೂ ಉಳಿಯಿತಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಮುಂದಿನ ವಾರ ಜರ್ಮನಿಗೆ ಹೊಸ ಕಾಗದ ಬರೆದು, ಸಹಿಯ ಜಾಗಕ್ಕೆ ಬೆರಳಿಟ್ಟೆ. ಮಾವನವರು ಟಾಕು ಎತ್ತಿದವರು ಹಾಗೇ ತಡೆದರು.

"ಏನ ಬರದೀ, ಒಮ್ಮೆ ಓದಿ ಹೇಳವಾ."

ಅಷ್ಟು ವರ್ಷಗಳಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಆಮೇಲೆ ಅವರು ಇರುವವರೆಗೂ ಪ್ರತಿಯೊಂದು ಕಾಗದವನ್ನೂ ಹಾಗೆಯೇ ಓದಿ ಹೇಳಬೇಕಾಯಿತು.