ದಪ್ಪಗಾದ ನಾಲಿಗೆ

ಹಲ್ಲು ಕೀಳಿಸಿಕೊಳ್ಳಲು ಹೋದವಳಿಗೆ ಬಿ.ಪಿ. ಗಂಟುಬಿತ್ತು. ಶಿಡ್ಲಘಟ್ಟದ ಹಲ್ಲಿನ ಡಾಕ್ಟರಮ್ಮ ಕುರ್ಚಿಯಲ್ಲಿ ಒರಗಿಸಿ, ಬಾಯಿ ತೆರೆಸಿ ನೋಡಿ, ದವಡೆಹಲ್ಲು ಪೂರ್ತಿ ಹುಳುಕಾಗಿದೆ, ಕೀಳಲೇಬೇಕು ಅಂದರು. ಆಗಲಿ ಅಂದೆ. ಸೂಜಿ ಚುಚ್ಚುವ ಮೊದಲು ಒಂದು ಸಲ ನೋಡಿಬಿಡೋಣ ಎಂದು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಆಮೇಲೆ ಇನ್ನೊಂದು ತೋಳಿಗೆ ಸುತ್ತಿದರು. ಹೊರಗೆ ಸ್ವಲ್ಪ ಹೊತ್ತು ಕೂರಿಸಿ, ನೀರು ಕುಡಿಸಿ, ಮತ್ತೆ ಕರೆದು ನೋಡಿದರು. "ಏನ್ ಮೇಡಂ, ಹಲ್ಲು ತೋಳಲ್ಲಿದೆಯಾ?" ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ಇವತ್ತು ಹಲ್ಲು ಕೀಳಲ್ಲಮ್ಮ. ನಿಮ್ಮ ಬಿ.ಪಿ. ಇನ್ನೂರರ ಹತ್ರ ಇದೆ. ಮನೆಗೆ ಹೋಗ್ಬೇಡಿ, ಹೀಗೇ ದೊಡ್ಡ ಡಾಕ್ಟರ ಹತ್ರ ಹೋಗಿ," ಅಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ನಮ್ಮ ಜಂಗಮಕೋಟೆ ಸುತ್ತಮುತ್ತ ಗೊತ್ತಿರುವ ಸಂಗತಿ. ಹಾಗಾಗಿ ಸುದ್ದಿ ಕೇಳಿದ ಯಾರಿಗೂ ಆಶ್ಚರ್ಯವಾಗಲಿಲ್ಲ. ನನ್ನ ಯಜಮಾನರಂತೂ, "ನಿನಗೆ ಬಂದಿದ್ದು ತಪ್ಪು ಕಣೇ, ನಿನ್ನ ಜತೆ ಬಾಳೋ ನನಗೆ ಬರ್ಬೇಕಿತ್ತು," ಎಂದು ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಹೆದರಿದ್ದೆ.

ಯಾಕೆಂದರೆ ಬಿ.ಪಿ. ಏನು ಮಾಡುತ್ತದೆ ಎನ್ನುವುದನ್ನು ನಾನು ತವರಿನಲ್ಲಿ ಕಣ್ಣಾರೆ ಕಂಡವಳು. ಸಾದಲಿಯಲ್ಲಿ ನಮ್ಮಪ್ಪ ಒಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಾ ಹಾಗೇ ಕುಸಿದು ಕೂತರು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಲಕ್ವ ಅಂದರು. ಅವರಿಗೆ ಬಿ.ಪಿ. ಇತ್ತೆಂದು ಗೊತ್ತಾದದ್ದೇ ಅವತ್ತು. ಊರಿನ ಪಂಚಾಯಿತಿಗಳಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದ ಮನುಷ್ಯ ಆಮೇಲೆ ವರ್ಷಗಟ್ಟಲೆ ಮಂಚದ ಮೇಲೆ ಮಲಗಿ, ನೀರು ಬೇಕೆಂದರೂ ಬರೀ 'ಬಾ ಬಾ' ಎನ್ನುತ್ತಿದ್ದರು. ಅವರ ಬಾಯಿಂದ ಸೋರುವ ಗಂಜಿಯನ್ನು ಸೆರಗಿನಲ್ಲಿ ಒರೆಸುತ್ತಾ, ದೇವರೇ ನನಗೆ ಏನು ಬೇಕಾದರೂ ಕೊಡು, ಇದೊಂದು ಬೇಡ ಎಂದು ಬೇಡಿಕೊಂಡಿದ್ದೆ. ಆದ್ದರಿಂದ ದೊಡ್ಡ ಡಾಕ್ಟರು ಬರೆದುಕೊಟ್ಟ ಪುಟ್ಟ ಮಾತ್ರೆಯನ್ನು ನಾನು ಒಂದು ದಿನವೂ ಬಿಡದೆ ತೆಗೆದುಕೊಂಡೆ. ದೇವರ ಪಟಗಳ ಪಕ್ಕದ ಗೂಡಿನಲ್ಲೇ ಅದನ್ನು ಇಟ್ಟುಕೊಂಡಿದ್ದೆ.

ಕೆಲವು ವಾರಗಳಾದ ಮೇಲೆ ಕೆಮ್ಮು ಶುರುವಾಯಿತು. ಕಫವಿಲ್ಲ, ನೆಗಡಿಯಿಲ್ಲ, ಗಂಟಲಲ್ಲಿ ಯಾರೋ ಗರಿ ಆಡಿಸಿದ ಹಾಗೆ ಒಣ ಕೆಮ್ಮು. ನಾವು ರೇಷ್ಮೆ ಹುಳು ಸಾಕುವವರು. ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ಸುಮ್ಮನೆ ಮಲಗುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹಾಸಿಗೆ ಒಣಗಲಿ ಎಂದು ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಆ ಪುಡಿ ಮೂಗಿಗೆ ಹೋದರೆ ಯಾರಿಗಾದರೂ ಕೆಮ್ಮು ಬರುತ್ತದೆ. ಹಾಗಾಗಿ ನಾನು ಸುಣ್ಣವನ್ನು ಬೈದೆ, ಸುಣ್ಣ ಮಾರಿದ ಅಂಗಡಿಯವನನ್ನು ಬೈದೆ, ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕೆಲಸ ಮಾಡಿದೆ. ಮಾತ್ರೆಯ ಮೇಲೆ ಅನುಮಾನ ಸುಳಿಯಲೇ ಇಲ್ಲ. ನನ್ನನ್ನು ಅಪ್ಪನ ಮಂಚದಿಂದ ದೂರ ಇಟ್ಟಿರುವುದೇ ಅದು ಎಂದು ನಂಬಿದ್ದೆ.

ಹುಳು ನಾಲ್ಕನೇ ಜ್ವರ ಎದ್ದು ಭರ್ತಿ ಮೇಯುತ್ತಿದ್ದ ಸಮಯ. ಆಗ ಅವುಗಳ ಹೊಟ್ಟೆಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯಲ್ಲಿ ಹೆಣ ಬಿದ್ದರೂ ಮೊದಲು ಹುಳಕ್ಕೆ ಸೊಪ್ಪು ಎನ್ನುವಂಥ ದಿನಗಳು. ಮಧ್ಯಾಹ್ನದ ಮೇವಿಗೆಂದು ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಇಳಿಸಿದಾಗ ಕೆಳತುಟಿ ಜುಮುಜುಮು ಅಂದಿತು. ಇರುವೆ ಕಡಿದಿರಬೇಕೆಂದು ಉಜ್ಜಿಕೊಂಡೆ. ಕೈ ತೊಳೆಯುವಾಗ ನೋಡಿದರೆ ಕನ್ನಡಿಯಲ್ಲಿ ನನ್ನ ತುಟಿ ನನ್ನದಾಗಿರಲಿಲ್ಲ. ಬೇರೆ ಯಾರದೋ ತಂದು ಅಂಟಿಸಿದಂತೆ ಊದಿಕೊಂಡಿತ್ತು.

ಆಗ ನನಗೆ ಹೊಳೆದದ್ದು ಒಂದೇ ವಿಷಯ. ಬೆಳಿಗ್ಗೆ ಪಕ್ಕದ ಹೊಲದವರು ಟೊಮೇಟೊಗೆ ಔಷಧಿ ಹೊಡೆದಿದ್ದರು. ಗಾಳಿ ನಮ್ಮ ಕಡೆಗಿತ್ತು. ಹೊರೆ ಬಿಗಿಯುವಾಗ ನಾನು ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಎಳೆದಿದ್ದೆ. ವಿಷ ಸೊಪ್ಪಿಗೆ ಬಿದ್ದಿದೆ, ಸೊಪ್ಪಿಂದ ಹಗ್ಗಕ್ಕೆ, ಹಗ್ಗದಿಂದ ನನ್ನ ಬಾಯಿಗೆ! "ಹುಳಕ್ಕೆ ಸೊಪ್ಪು ಹಾಕ್ಬೇಡ್ರೀ!" ಎಂದು ಕಿರುಚಿದೆ. ಕಿರುಚಿದ್ದು ಸರಿಯಾಗಿ ಹೊರಡಲಿಲ್ಲ. ನಾಲಿಗೆ ಹಲ್ಲುಗಳಿಗೆ ತಾಗುತ್ತಿತ್ತು.

ಯಜಮಾನರು ಓಡಿ ಬಂದು ನನ್ನ ಮುಖ ನೋಡಿದರು. ಹಗ್ಗ ತೋರಿಸಿ, ಟೊಮೇಟೊ ಹೊಲದ ಕಡೆ ಕೈ ಮಾಡಿದೆ. ಅವರಿಗೆ ಅರ್ಥವಾಯಿತು. ಅವರು ಮಾಡಿದ್ದೇನು ಗೊತ್ತೆ? ನನ್ನನ್ನು ಜಗಲಿಯ ಮೇಲೆ ಹಾಗೇ ಬಿಟ್ಟು ಹುಳುಮನೆಗೆ ಓಡಿದರು. ಹೆಂಡತಿಯ ಬಾಯಿ ಊದುತ್ತಿದೆ, ಈ ಮನುಷ್ಯನಿಗೆ ಹುಳದ ಚಿಂತೆ! ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟಿಗೆ ಬಿ.ಪಿ. ಎಲ್ಲಿಗೆ ಮುಟ್ಟಿತ್ತೋ ದೇವರಿಗೇ ಗೊತ್ತು. ಬೈಯಲು ಬಾಯಿ ತೆರೆದೆ. ಮಾತಿನ ಬದಲು ಜೊಲ್ಲು ಸುರಿಯಿತು.

ಅಪ್ಪನ ಬಾಯಿಂದ ಸುರಿಯುತ್ತಿದ್ದ ಹಾಗೆಯೇ. ಅಲ್ಲಿಗೆ ಸಿಟ್ಟೆಲ್ಲ ಇಳಿದುಹೋಯಿತು. ನಮ್ಮತ್ತೆ ಒಳಗಿನಿಂದ ಬಂದವರು, "ಅಯ್ಯೋ ದೇವುಡಾ, ಏನೇ ಇದು, ಹಲ್ಲಿನ ಬಾವಾ?" ಎಂದು ನನ್ನ ಗಲ್ಲ ಹಿಡಿದುಕೊಂಡರು. ತಲೆ ಅಲ್ಲಾಡಿಸಿದೆ. ಉಗುಳು ನುಂಗಲು ಆಗುತ್ತಿರಲಿಲ್ಲ. ನಾಲಿಗೆ ಗಂಟಲಿಗೆ ಅಡ್ಡ ಬೀಳುವಷ್ಟು ದಪ್ಪಗಾಗುತ್ತಿತ್ತು. ಸಾಯುವುದು ಹೀಗೆ ಎಂದುಕೊಂಡೆ, ಹಾಡುಹಗಲಲ್ಲೇ, ಸ್ವಂತ ಜಗಲಿಯ ಮೇಲೆ.

ಯಜಮಾನರು ಹುಳುಮನೆಯಿಂದ ಹೊರಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ಸೊಪ್ಪಲ್ಲ ಕಣೇ! ಬೆಳಗಿನ ಮೇವಿಗೆ ಹಾಕಿದ್ದೂ ಅವರು ಔಷಧಿ ಹೊಡೆದ ಮೇಲೆ ಕೊಯ್ದ ಸೊಪ್ಪೇ. ಹುಳ ಚೆನ್ನಾಗಿ ಮೇಯ್ತಾವೆ. ಒಂದೂ ತಲೆ ಎತ್ತಿಲ್ಲ, ಒಂದೂ ಕಕ್ಕಿಲ್ಲ," ಅಂದರು.

ಅವರು ಯಾಕೆ ಓಡಿದ್ದರು ಎನ್ನುವುದು ಆಗ ಹೊಳೆಯಿತು. ರೇಷ್ಮೆ ಹುಳುವಿನಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಬೀಡಿ ಸೇದಿದ ಕೈಯಲ್ಲಿ ಮುಟ್ಟಿದರೂ ಅದು ಒದ್ದಾಡುತ್ತದೆ. ಸೊಪ್ಪಿನಲ್ಲಿ ವಿಷದ ಸೋಂಕಿದ್ದರೂ ಹುಳು ತಲೆ ಎತ್ತಿ ಹಸಿರು ನೀರು ಕಕ್ಕಿ ಸಾಯುತ್ತದೆ. ಹುಳು ಬದುಕಿದೆ ಎಂದರೆ ಸೊಪ್ಪು ಶುದ್ಧ, ಹಗ್ಗ ಶುದ್ಧ. ಹಾಗಾದರೆ ನನ್ನನ್ನು ಕೊಲ್ಲುತ್ತಿರುವುದು ಬೇರೆ ಏನೋ.

"ನೀನು ಬೇರೆ ಏನು ಬಾಯಿಗ್ ಹಾಕ್ಕೊಂಡೆ? ಬೇಗ ಹೇಳು," ಅಂದರು ಅವರು.

"ಮುದ್ದೆ, ಸಾರು, ಎಲ್ಲ ನಾವೂ ತಿಂದ್ವಲ್ಲಪ್ಪ," ಅಂದರು ಅತ್ತೆ.

ಅವರು ತಿನ್ನದೆ ನಾನೊಬ್ಬಳೇ ತಿಂದದ್ದು ಏನು? ಗೂಡಿನ ಕಡೆ ಕೈ ತೋರಿಸಿದೆ. ದೇವರ ಪಟಗಳ ಕಡೆ ತೋರಿಸುತ್ತಿದ್ದೇನೆಂದು ಅತ್ತೆ ಕುಂಕುಮ ತರಲು ಎದ್ದರು. ಯಜಮಾನರು ಮಾತ್ರ ಮಾತ್ರೆ ಹಾಳೆಯನ್ನು ಎತ್ತಿ ನನ್ನ ಮುಂದೆ ಹಿಡಿದರು. ಹೌದು ಎಂದು ತಲೆ ಆಡಿಸಿದೆ.

ಮೋಟಾರ್ ಸೈಕಲ್ಲಿನಲ್ಲಿ ಮುಂದೆ ಅವರು, ನಡುವೆ ನಾನು, ಹಿಂದೆ ನಾನು ಬೀಳದಂತೆ ಅಪ್ಪಿ ಹಿಡಿದ ಅತ್ತೆ. ಅತ್ತೆಯ ಮುಷ್ಟಿಯಲ್ಲಿ ಮಾತ್ರೆ ಹಾಳೆ. ಶಿಡ್ಲಘಟ್ಟದ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಮೂಗಿನಿಂದ ಎಳೆದುಕೊಂಡ ಒಂದೊಂದು ಉಸಿರೂ ಒಳಗೆ ಹೋಗುತ್ತದೋ ಇಲ್ಲವೋ ಎಂದು ಎಣಿಸುತ್ತಿದ್ದೆ. ಅತ್ತೆ ಬೆನ್ನ ಹಿಂದೆ ತೆಲುಗಿನಲ್ಲಿ ಯಾವುಯಾವುದೋ ದೇವರನ್ನು ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಹಾಳೆ ನೋಡಿದ ಡಾಕ್ಟರು ಬೇರೇನೂ ಕೇಳದೆ ಆಕ್ಸಿಜನ್ ಹಾಕಿ, ಸೂಜಿಯ ಮೇಲೆ ಸೂಜಿ ಕೊಟ್ಟರು. ಸಂಜೆಯ ಹೊತ್ತಿಗೆ ನಾಲಿಗೆ ಇಳಿಯತೊಡಗಿತು. ಮಾತು ಬಂದ ಮೇಲೆ ಕೆಮ್ಮಿನ ವಿಷಯವನ್ನೂ ಹೇಳಿದೆ.

"ಕೆಮ್ಮು ಬಂದಾಗ್ಲೇ ಬರ್ಬೇಕಿತ್ತಲ್ಲಮ್ಮ. ಎಲ್ಲೋ ಕೆಲವರಿಗೆ ಈ ಮಾತ್ರೆ ಹೀಗೆ ತಿರುಗಿಬೀಳುತ್ತೆ. ಇನ್ನು ಈ ಜನ್ಮದಲ್ಲಿ ಇದನ್ನ ಮುಟ್ಬೇಡಿ," ಅಂದರು ಡಾಕ್ಟರು.

ಮನೆಗೆ ಬಂದ ಮೇಲೆಯೇ ನಿಜವಾದ ಭಯ ಶುರುವಾದದ್ದು. ಬೇರೆ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಮತ್ತೆ ಗೂಡಿಗೇ ಇಟ್ಟುಬಿಡುತ್ತಿದ್ದೆ. ಇದೂ ತಿರುಗಿಬಿದ್ದರೆ? ನುಂಗಲಿಲ್ಲ. ನುಂಗದಿದ್ದರೆ ಸುಮ್ಮನಿರಲು ಆಗುತ್ತದೆಯೇ? ಎಡಗೈ ಜೋಮು ಹಿಡಿದರೆ ಲಕ್ವ ಬಂತೆಂದು ಎದ್ದು ಕೂರುತ್ತಿದ್ದೆ. ಬೆಳಿಗ್ಗೆ ಎದ್ದು ಮೊದಲು ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿದು, ಬಾಯಿ ಎರಡೂ ಪಕ್ಕ ಸಮವಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಹಾಗೆ ನಿಂತವಳನ್ನು ಕಂಡು ಅತ್ತೆ, ಇವಳಿಗೆ ಬುದ್ಧಿ ಕೆಟ್ಟಿದೆ ಎಂದು ನಿಂಬೆಹಣ್ಣು ನಿವಾಳಿಸಿ ಇಳಿ ತೆಗೆದರು. ನೋಡಲು ಬಂದವರೆಲ್ಲ ಡಾಕ್ಟರೇ ಆದರು. ಒಬ್ಬರು ಬೆಳ್ಳುಳ್ಳಿ ಅಂದರು, ಇನ್ನೊಬ್ಬರು ಬೂದುಗುಂಬಳದ ರಸ ಅಂದರು. ಇಂಗ್ಲಿಷ್ ಔಷಧಿಯೇ ವಿಷ, ಎಲ್ಲ ಬಿಟ್ಟುಬಿಡು ಅಂದರು. ಕೇಳಲು ಹಿತವಾಗಿತ್ತು. ಆದರೆ ನಮ್ಮಪ್ಪ ಯಾವ ಮಾತ್ರೆಯನ್ನೂ ನುಂಗದೇ ಮಂಚ ಹಿಡಿದಿದ್ದರು ಎನ್ನುವುದನ್ನು ನಾನು ಹೇಗೆ ಮರೆಯಲಿ? ನುಂಗಿದರೆ ಬಾವಿ, ಬಿಟ್ಟರೆ ಕೆರೆ ಎನ್ನುವ ಸ್ಥಿತಿ ನನ್ನದಾಯಿತು.

ತಲೆಯ ಹಿಂಭಾಗ ಸಿಡಿಯಲು ಶುರುವಾದಾಗ ಯಜಮಾನರು ನನ್ನನ್ನು ಚಿಂತಾಮಣಿಯ ಇನ್ನೊಬ್ಬ ಡಾಕ್ಟರ ಬಳಿಗೆ ಎಳೆದುಕೊಂಡು ಹೋದರು. ಅಷ್ಟರಲ್ಲಿ ಆ ಬೆಳೆಯ ರೇಷ್ಮೆಗೂಡು ಮಾರಿ, ಹೊಸ ಹುಳು ತಂದಿದ್ದೆವು. ಡಾಕ್ಟರು ಹಳೆಯ ಕಥೆಯೆಲ್ಲ ತಾಳ್ಮೆಯಿಂದ ಕೇಳಿ, ಹೊಸದೊಂದು ಮಾತ್ರೆ ಬರೆದು, ಇದು ಆ ಜಾತಿಯ ಮಾತ್ರೆಯೇ ಅಲ್ಲ, ಧೈರ್ಯವಾಗಿ ತಗೊಳ್ಳಿ ಅಂದರು. ಧೈರ್ಯ ಎಲ್ಲಿ ಸಿಗುತ್ತದೆ ಎಂದು ಮಾತ್ರ ಬರೆದುಕೊಡಲಿಲ್ಲ. ನಾನು ಒಂದೇ ಹಟ ಹಿಡಿದೆ. ಮೊದಲ ಮಾತ್ರೆ ನುಂಗುವುದಾದರೆ ಇಲ್ಲೇ, ಆಸ್ಪತ್ರೆಯ ಬಾಗಿಲಲ್ಲೇ.

ಅಲ್ಲೇ ಹೊರಗಿನ ಸಿಮೆಂಟ್ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ ನುಂಗಿದೆ. ಆಮೇಲೆ ಸಂಜೆಯವರೆಗೂ ಕದಲಲಿಲ್ಲ. ಯಜಮಾನರು ಪುರಿ ತಂದರು, ಎಳನೀರು ತಂದರು. ಆಗಾಗ ನನ್ನ ಕಡೆ ಬಗ್ಗಿ, "ನಾಲಿಗೆ ತೋರ್ಸು," ಅನ್ನುತ್ತಿದ್ದರು. ಹೋಗಿ ಬರುವ ಜನ ತಿರುಗಿ ನೋಡುತ್ತಿದ್ದರು. ನಾಚಿಕೆ ಬಿಟ್ಟು ತೋರಿಸುತ್ತಿದ್ದೆ. ಡಾಕ್ಟರು ಮನೆಗೆ ಹೊರಟವರು ನಮ್ಮನ್ನು ಕಂಡು, "ಇನ್ನೂ ಇಲ್ಲೇ ಇದೀರಾ? ಏನೂ ಆಗಲ್ಲ, ಹೋಗ್ರಮ್ಮ," ಅಂದರು. ನಾಲಿಗೆ ತೆಳ್ಳಗೇ ಇತ್ತು. ಬಸ್ಸು ಹತ್ತಿದ ಮೇಲೆ, ನಾಳೆಯೂ ನುಂಗಬೇಕು, ನಾಡಿದ್ದೂ ನುಂಗಬೇಕು, ಸಾಯುವವರೆಗೂ ನುಂಗಬೇಕು ಎನ್ನುವುದು ನೆನಪಾಯಿತು. ನಾಳೆ ಹತ್ತಿರದಲ್ಲಿ ಆಸ್ಪತ್ರೆಯ ಬಾಗಿಲು ಇರುವುದಿಲ್ಲ. ದಾರಿಯುದ್ದಕ್ಕೂ ಮುಖಕ್ಕೆ ಸೆರಗು ಮುಚ್ಚಿಕೊಂಡು ಅಳುತ್ತಾ ಬಂದೆ.

ಮರುದಿನ ಬೆಳಿಗ್ಗೆ ಯಜಮಾನರು ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟಿದ್ದರು. ಕುಡುಗೋಲು ಹಿಡಿದವರು ನನ್ನ ಅಂಗೈಯ ಮಾತ್ರೆ ನೋಡಿ ಹೊಸ್ತಿಲಲ್ಲೇ ನಿಂತರು. ನಾನು ನುಂಗಿದೆ. ಅವರು ಕುಡುಗೋಲು ಕೆಳಗಿಟ್ಟು ನನ್ನ ಎದುರು ಕೂತರು. ಬಿಸಿಲು ಜಗಲಿಯ ಮೇಲೆ ಬಂತು. ಹುಳುಮನೆಯಲ್ಲಿ ಹುಳು ಹಸಿದು ಸೊಪ್ಪು ಮುಗಿದ ಕಡ್ಡಿಗಳ ಮೇಲೆ ಹರಿದಾಡುತ್ತಿರುತ್ತವೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಏಳ್ರೀ, ಸೊಪ್ಪಿಗೆ ಹೋಗ್ರೀ. ಹುಳ ಕಾಯ್ತಾ ಇದಾವೆ," ಎಂದು ರೇಗಿದೆ.

"ಕಾಯ್ಲಿ ಬಿಡೇ," ಅಂದರು ಅವರು, ನನ್ನ ಬಾಯಿಯಿಂದ ಕಣ್ಣು ತೆಗೆಯದೆ.

ಈ ಮನುಷ್ಯನ ಬಾಯಲ್ಲಿ ನಾನು ಮದುವೆಯಾದಾಗಿನಿಂದ ಆ ಮಾತು ಕೇಳಿರಲಿಲ್ಲ. ಹಿಂದೊಮ್ಮೆ ಅತ್ತೆ ಕಾಯಿಲೆ ಬಿದ್ದಾಗಲೂ, ನನ್ನ ಹೆರಿಗೆಯ ದಿನವೂ ಮೊದಲು ಹುಳಕ್ಕೆ ಸೊಪ್ಪು ಹಾಕಿ ಆಮೇಲೆ ಬಂದವರು ಅವರು. ನನಗೆ ಸಂತೋಷವಾಗಬೇಕಿತ್ತು. ಆದರೆ ಆದದ್ದು ಹೆದರಿಕೆ, ಅಷ್ಟು ದಿನ ಪಟ್ಟ ಹೆದರಿಕೆಗಿಂತ ದೊಡ್ಡದು. ಸಾವು ನನ್ನ ಎಷ್ಟು ಹತ್ತಿರ ಬಂದು ಹೋಗಿತ್ತು ಎನ್ನುವುದು ಅವರ ಮುಖ ನೋಡಿದಾಗಲೇ ನನಗೆ ಸರಿಯಾಗಿ ಗೊತ್ತಾದದ್ದು.