ಹೊಟ್ಟೇಲಿ ಕಲ್ತಿದ್ದಲ್ಲ

ಗಡಿಯೂರು ಜೂಜುವಾಡಿಯ ನಮ್ಮ ಬಾಲವಾಡಿ ಟೀಚರಿಗೆ ಸುಮ್ಮನೆ ನಿಂತು ಮಾತಾಡಲು ಬರುತ್ತಲೇ ಇರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಚಪ್ಪಾಳೆ ತಟ್ಟಿಯೇ ಮಾತು ಶುರು. ಮಗು ಬೈಗುಳ ಆಡಿದರೂ, ಪದ ಹಾಡಿದರೂ ಅವರದು ಒಂದೇ ಮಾತು: “ಹೊಟ್ಟೇಲಿ ಕಲ್ತಿದ್ದಲ್ಲ ಕಣಮ್ಮ, ಮನೇಲಿ ಕಲ್ತಿದ್ದು.”

ಹೋದ ವರ್ಷ ಮಣಿಪುರದಿಂದ ಬಂದು ಫ್ಯಾಕ್ಟರಿ ಸೇರಿದ ದಂಪತಿಯ ಮಗಳು ಬಾಲವಾಡಿಗೆ ಬಂದಳು. ಎರಡನೆಯ ದಿನವೇ ಟೀಚರ್ ನನ್ನನ್ನು ಕರೆಸಿದರು. ನನ್ನ ನಾಲ್ಕು ವರ್ಷದ ಮಗಳು ಸುತ್ತುವ ಆಟದಲ್ಲಿ ಆ ಹುಡುಗಿಯ ಕೈ ಹಿಡಿಯಲು ಒಪ್ಪಿರಲಿಲ್ಲ.

“ಯಾಕ್ ಪುಟ್ಟಿ?” ಎಂದು ಟೀಚರ್ ನನ್ನೆದುರಿಗೇ ಕೇಳಿದರು.

“ಅವ್ಳು ಚೀನಾದೋಳು. ಮುಟ್ಟಿದ್ರೆ ಕಾಯ್ಲೆ ಬತ್ತದೆ. ಅಮ್ಮ ಪಕ್ಕದ್ಮನೆ ಅತ್ತೆಗೆ ಹೇಳ್ತಿತ್ತು.”

ನಾನು ಹಾಗೆ ಹೇಳಿದ್ದು ನಿಜ. ನನ್ನ ಕಿವಿ ಬಿಸಿಯಾಯಿತು. ಟೀಚರ್ ಬೈಯಲಿಲ್ಲ, ತಮ್ಮ ಮಾಮೂಲಿ ಮಾತನ್ನೂ ಆಡಲಿಲ್ಲ. “ಇವತ್ತು ಅಮ್ಮನೂ ಆಟಕ್ ಬತ್ತಾರೆ!” ಎಂದು ಕೂಗಿ, ಆ ಹುಡುಗಿಯ ಕೈಯನ್ನು ನನ್ನ ಕೈಯಲ್ಲಿಟ್ಟರು. ಪುಟ್ಟ ಕೈ ಬೆಚ್ಚಗಿತ್ತು. ಸುತ್ತುವುದು ಶುರುವಾಯಿತು. ತಮಿಳು ಹಾಡು, ತೆಲುಗು ಕೇಕೆ, ಜೋರು, ಇನ್ನೂ ಜೋರು! ನಾನು ಎಡವಿ ಬಿದ್ದೆ. ನನ್ನ ಮೇಲೆ ಆ ಹುಡುಗಿ ಬಿದ್ದು ಗಲಗಲ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಮೂಲೆಯಲ್ಲಿ ನಿಂತು ನೋಡುತ್ತಿದ್ದ ನನ್ನ ಮಗಳು ಓಡಿಬಂದು ನನ್ನನ್ನು ತಳ್ಳಿ, ಆ ಹುಡುಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನೀನ್ ಮನೇಗ್ ಹೋಗಮ್ಮ, ಇದು ನನ್ ಜಾಗ!”